ಕೋಲವಾಳದ ಶೆಣೈ, ಪ್ಯಾರಿಸಿನ ಫಾರಿಯಾ

ನಮ್ಮ ಕರಾವಳಿಯ ಕಥೋಲಿಕ ಮನೆತನಗಳಲ್ಲಿ ವಂಶಾವಳಿಯನ್ನು ಬರೆದಿಡುವ ಆಸಕ್ತಿ ಇನ್ನೂ ಕುಂದಿಲ್ಲ. ಪ್ರಭು, ಕಾಮತ್, ಶೆಣೈ, ಪೈ ಎಂಬ ಮತಾಂತರಪೂರ್ವದ ಹೆಸರುಗಳನ್ನು ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಲೇ ಬಂದಿದ್ದಾರೆ. ಆದರೆ ಇಗರ್ಜಿಯ ಜ್ಞಾನಸ್ನಾನದ ಪುಸ್ತಕಗಳನ್ನು ಹಿಡಿದು ಹಿಂದಕ್ಕೆ ಸಾಗುವವರ ದಾರಿ ಅನೇಕ ವೇಳೆ 1784ರ ಬಳಿ ಕಡಿದುಹೋಗುತ್ತದೆ. ಟಿಪ್ಪು ಸುಲ್ತಾನನ ಕಾಲದ ಶ್ರೀರಂಗಪಟ್ಟಣದ ಸೆರೆ ಮತ್ತು ಇಗರ್ಜಿಗಳ ನಾಶ ಅದಕ್ಕೆ ಕಾರಣ. ನಮ್ಮ ಪೂರ್ವಜರು ಬಿಟ್ಟುಬಂದ ಗೋವೆಯಲ್ಲಿ ಈ ಎಳೆ ಅಷ್ಟು ಸುಲಭವಾಗಿ ಹರಿಯಲಿಲ್ಲ. ಅಲ್ಲಿ ಗಾಂವ್ಕಾರಿಯ ಹಕ್ಕು ತಂದೆಯಿಂದ ಮಗನಿಗೆ ಇಳಿಯುತ್ತಿದ್ದುದರಿಂದ, ಯಾರು ಯಾರ ಮಗನೆಂಬುದನ್ನು ನೆನಪಿಡುವುದು ಹೊಟ್ಟೆಪಾಡಿನ ಸಂಗತಿಯೂ ಆಗಿತ್ತು. ಅಂತಹ ಒಂದು ಎಳೆಯನ್ನು ಹಿಡಿದು ಹೊರಟರೆ ನಾವು ತಲುಪುವುದು ಆಬೆ ಫಾರಿಯಾ ಎಂದು ಜಗತ್ತು ಬಲ್ಲ ಯಾಜಕರನ್ನು.

ಬಾರ್ದೇಸ್ ಪ್ರಾಂತದ ಕೋಲವಾಳ ಗ್ರಾಮದ ಅನಂತ ಶೆಣೈ ಎಂಬ ಸಾರಸ್ವತ ಬ್ರಾಹ್ಮಣರು ಈ ಕುಟುಂಬದ ಮೂಲಪುರುಷರು. ಊರಿನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಅವರು 16ನೆಯ ಶತಮಾನದಲ್ಲಿ ಕ್ರೈಸ್ತರಾದರು. ಜ್ಞಾನಸ್ನಾನದೊಡನೆ ಪೋರ್ಚುಗೀಸ್ ಅಡ್ಡಹೆಸರು ಬರುವುದು ಅಂದಿನ ವಾಡಿಕೆ. ಅದು ಬಹುಮಟ್ಟಿಗೆ ಜ್ಞಾನತಂದೆಯದೋ ಸ್ನಾನವಿತ್ತ ಗುರುವಿನದೋ ಆಗಿರುತ್ತಿತ್ತು. ಆದಕಾರಣ ಫಾರಿಯಾ ಎಂಬ ಹೆಸರಿನಿಂದ ಪೋರ್ಚುಗೀಸ್ ರಕ್ತವನ್ನು ಊಹಿಸುವುದು ಸಲ್ಲದು. ನಮ್ಮ ಡಿಸೋಜ, ಪಿಂಟೊಗಳ ಕಥೆಯೂ ಇದೇ.

ಈ ವಂಶದ ಕಾಯೆತಾನ್ ವಿತೊರಿನೊ ಫಾರಿಯಾ ಗುರುಮಠದ ವಿದ್ಯಾಭ್ಯಾಸವನ್ನು ನಡುವೆಯೇ ಬಿಟ್ಟು ಕಾಂದೋಳಿಯ ರೋಸಾ ಮರಿಯ ಡಿಸೋಜರನ್ನು ವಿವಾಹವಾದರು. 1756ರ ಮೇ ತಿಂಗಳಲ್ಲಿ ತಾಯಿಯ ಊರಿನಲ್ಲಿ ಜೊಸೆ ಕುಸ್ತೋದಿಯೊ ಜನಿಸಿದರು. ದಾಂಪತ್ಯ ಬಹುಕಾಲ ನಡೆಯಲಿಲ್ಲ. ತಂದೆ ಮರಳಿ ಗುರುಮಠ ಸೇರಿ ಯಾಜಕರಾದರು. ತಾಯಿ ಹಳೆಗೋವೆಯ ಸಂತ ಮೋನಿಕಾ ಕನ್ಯಾಮಠವನ್ನು ಪ್ರವೇಶಿಸಿದರು. ಇಂದಿನ ಓದುಗರಿಗೆ ಇದು ವಿಚಿತ್ರವೆನಿಸೀತು. ಉಭಯರ ಒಪ್ಪಿಗೆಯಿದ್ದಲ್ಲಿ ಧರ್ಮಸಭೆಯ ನಿಯಮ ಅದಕ್ಕೆ ಅವಕಾಶವೀಯುತ್ತಿತ್ತು. ನಿಯಮದ ಮಾತು ಅಷ್ಟೇ. ಎರಡು ಮಠಗಳ ನಡುವೆ ಉಳಿದ ಬಾಲಕನ ಪಾಡು ನಿಯಮದೊಳಗೆ ಬರುವಂಥದಲ್ಲ. ಆ ಬಾಲಕನೂ ಮುಂದೆ ಯಾಜಕನಾದುದರಿಂದ ಕೋಲವಾಳದ ಈ ಕವಲು ಅಲ್ಲಿಗೇ ನಿಂತಿತು.

1771ರಲ್ಲಿ ತಂದೆಮಕ್ಕಳು ಲಿಸ್ಬನ್ನಿಗೂ ಅಲ್ಲಿಂದ ಮರುವರ್ಷ ರೋಮಿಗೂ ತೆರಳಿದರು. 1780ರಲ್ಲಿ ಮಗನಿಗೆ ಅಲ್ಲಿ ಗುರುದೀಕ್ಷೆಯಾಯಿತು. ಲಿಸ್ಬನ್ನಿಗೆ ಹಿಂದಿರುಗಿ ರಾಣಿಯ ಸಮ್ಮುಖದಲ್ಲಿ ಪ್ರಸಂಗಪೀಠವೇರಿದಾಗ ತರುಣ ಯಾಜಕರ ನಾಲಗೆ ಕಟ್ಟಿತಂತೆ. ಎದುರಿಗಿರುವವರೆಲ್ಲ ಬರಿಯ ಸೊಪ್ಪುತರಕಾರಿ, ಕತ್ತರಿಸಿಬಿಡು ಎಂಬರ್ಥದಲ್ಲಿ ತಂದೆ ಕೊಂಕಣಿಯಲ್ಲಿ ಪಿಸುಗುಟ್ಟಿದೊಡನೆ ಮಾತು ಹರಿಯಿತೆಂದು ಗೋವೆಯವರು ಹೇಳುತ್ತಾರೆ. ಕಥೆಯನ್ನು ದಾಖಲೆಯೆಂದು ಹಿಡಿಯಬೇಕಾಗಿಲ್ಲ. ಆದರೆ ಅರಮನೆಯ ದೇವಾಲಯದಲ್ಲಿ ನಮ್ಮ ಮಾತೃಭಾಷೆ ಕೇಳಿಸಿತೆಂದರೆ ಯಾರಿಗೆ ತಾನೆ ಹಿತವಾಗದು!

ಇದೇ ಲಿಸ್ಬನ್ನಿನಲ್ಲಿ ವಂಶದ ಇನ್ನೊಂದು ಮುಖ ಕಂಡಿತು. ಗೋವೆಯ ದೇಶೀಯ ಯಾಜಕರು ಎಷ್ಟೇ ವಿದ್ವಾಂಸರಾದರೂ ಉನ್ನತ ಪದವಿಗಳು ಅವರಿಗೆ ದಕ್ಕುತ್ತಿರಲಿಲ್ಲ. ತಮ್ಮೂರಿನಲ್ಲಿ ಬ್ರಾಹ್ಮಣ ಕ್ರೈಸ್ತರೆಂದು ಮುಂದಿನ ಸಾಲಿನಲ್ಲಿ ಕುಳಿತವರು ಅಲ್ಲಿ ಕರಿಯರೆಂದು ಹಿಂದೆ ಸರಿಯಬೇಕಾಯಿತು. ಈ ಅಸಮಾಧಾನವೇ 1787ರ ಪಿಂಟೊಗಳ ಬಂಡಾಯಕ್ಕೆ ಮುಖ್ಯ ಕಾರಣಗಳಲ್ಲೊಂದು. ಸಂಚು ಬಯಲಾಗಿ 47 ಮಂದಿ ಸೆರೆಯಾದರು. 15 ಮಂದಿ ಮರುವರ್ಷ ಪಣಜಿಯಲ್ಲಿ ಗಲ್ಲಿಗೇರಿದರು. ಫಾರಿಯಾಗಳ ಮೇಲೂ ಶಂಕೆ ಬಿತ್ತು. 1788ರಲ್ಲಿ ಮಗ ಪ್ಯಾರಿಸಿಗೆ ತೆರಳಿದರು.

ಫ್ರಾನ್ಸಿನ ಮಹಾಕ್ರಾಂತಿಯನ್ನು ಅವರು ಹೊರಗಿನಿಂದ ನೋಡಿದವರಲ್ಲ. 1795ರಲ್ಲಿ ಕ್ರಾಂತಿಯ ಆಡಳಿತಸಭೆಯ ವಿರುದ್ಧ ಎದ್ದ ಪಡೆಯೊಂದರ ಮುಂದಾಳಾಗಿದ್ದರು. 1811ರಲ್ಲಿ ಮಾರ್ಸೆ ನಗರದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾದರು. 1813ರಿಂದ ಪ್ಯಾರಿಸಿನಲ್ಲಿ ಸಂಮೋಹನ ನಿದ್ರೆಯ ಬಹಿರಂಗ ಪ್ರಯೋಗಗಳನ್ನು ನಡೆಸಿದರು. ಮೆಸ್ಮರನ ಅನುಯಾಯಿಗಳು ಇದನ್ನು ಪ್ರಯೋಗಕರ್ತನ ದೇಹದಿಂದ ಹರಿಯುವ ಕಾಂತದ್ರವದ ಫಲವೆನ್ನುತ್ತಿದ್ದರು. ಅಂತಹ ದ್ರವವೇ ಇಲ್ಲ, ನಿದ್ರಿಸುವವನ ಅಂತರಂಗವೇ ನಿದ್ರೆಯ ಕಾರಣ ಎಂದರು ಫಾರಿಯಾ. ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಇದು ಕಾರಣವನ್ನು ಸರಿಯಾದ ಸ್ಥಾನದಲ್ಲಿ ಹುಡುಕಿದ ತೀರ್ಮಾನವೆಂದು ತೋರುತ್ತದೆ. 1816ರಲ್ಲಿ ಅವರನ್ನು ಅಣಕಿಸುವ ನಾಟಕವೊಂದು ರಂಗವೇರಿತು. ಗೇಲಿಗೆ ಗುರಿಯಾದ ಯಾಜಕರು ಕನ್ಯಾಮಠವೊಂದರ ಗುರುಗಳಾಗಿ ಬದುಕಿದರು. 1819ರ ಸೆಪ್ಟೆಂಬರ್ 20ರಂದು ತೀರಿಕೊಂಡಾಗ ಅವರ ಗ್ರಂಥದ ಮೊದಲ ಸಂಪುಟ ಮಾತ್ರ ಸಿದ್ಧವಾಗಿತ್ತು.

ಆ ಗ್ರಂಥದ ಮುಖಪುಟವನ್ನು ನಾವು ಗಮನಿಸಬೇಕು. ದೇವಶಾಸ್ತ್ರ, ತತ್ತ್ವಶಾಸ್ತ್ರಗಳ ಪಂಡಿತರೆಂಬುದಕ್ಕೂ ಮೊದಲು ಅವರು ತಮ್ಮನ್ನು ಬ್ರಾಹ್ಮಣರೆಂದು ಕರೆದುಕೊಂಡಿದ್ದಾರೆ. ಮತಾಂತರವಾಗಿ ಇನ್ನೂರಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು! ಪ್ಯಾರಿಸಿನವರಿಗೆ ಆ ಶಬ್ದ ಪೂರ್ವದೇಶದ ಗೂಢಜ್ಞಾನದ ಮುದ್ರೆಯಾಗಿತ್ತು. ಗೋವೆಯಲ್ಲಿ ಹೆಮ್ಮೆ, ಲಿಸ್ಬನ್ನಿನಲ್ಲಿ ಅಡ್ಡಿ, ಪ್ಯಾರಿಸಿನಲ್ಲಿ ಆಕರ್ಷಣೆ. ವಂಶ ಒಂದೇ, ಬೆಲೆ ಕಟ್ಟಿದವರು ಬೇರೆ. ಶಕ್ತಿ ಪ್ರಯೋಗಕರ್ತನದಲ್ಲವೆಂದು ಸಾಧಿಸಿದವರೇ ಕುಲದ ಹೆಸರನ್ನು ಮುಂದಿಟ್ಟುದು ನಮಗೆ ಸ್ವಲ್ಪ ಕಸಿವಿಸಿಯನ್ನುಂಟುಮಾಡುತ್ತದೆ. ಒಂದೇ ಜ್ಞಾನಸ್ನಾನವನ್ನು ಪಡೆದ ನಾವೂ ವಿವಾಹ ಸಂಬಂಧದ ಮಾತು ಬಂದಾಗ ಇದೇ ಹೆಸರನ್ನು ಕೇಳುತ್ತೇವಲ್ಲವೆ?

ಅಲೆಕ್ಸಾಂಡರ್ ಡ್ಯೂಮಾ ತನ್ನ ಮಾಂಟೆ ಕ್ರಿಸ್ಟೊ ಕಾದಂಬರಿಯಲ್ಲಿ ಅವರನ್ನು ಇಟಲಿಯ ಮುದಿ ಯಾಜಕರನ್ನಾಗಿಸಿದ. ನಿಜವಾದ ಜೀವನವನ್ನು ಶೋಧಿಸಿ 1906ರಲ್ಲಿ ಪ್ರಕಟಿಸಿದವರು ಗೋವೆಯ ವೈದ್ಯ ದಾಲ್ಗಾದೊ. ಮೊಂಮಾರ್ತ್ರ್‌ನಲ್ಲಿರುವ ಸಮಾಧಿಗೆ ಗುರುತಿಲ್ಲ. ಪಣಜಿಯಲ್ಲಿ, ಹಳೆಯ ಸಚಿವಾಲಯದ ಪಕ್ಕದಲ್ಲಿ, ಕೈಗಳನ್ನು ಮುಂದೆ ಚಾಚಿ ನಿಂತ ಅವರ ಕಂಚಿನ ಪ್ರತಿಮೆ 1945ರದು. ಅದನ್ನು ರೂಪಿಸಿದ ಶಿಲ್ಪಿ ಗೋವೆಯವರೇ ಆದ ರಾಮಚಂದ್ರ ಪಾಂಡುರಂಗ ಕಾಮತ್.