ದುಡಿದು ಕಲಿಯುವ ದಾರಿ ತೋರಿದ ಕರ್ಮವೀರ ಭಾವುರಾವ ಪಾಟೀಲ

ಹೊಲ-ಮನೆ, ಬಂಗಾರ, ಅಂಗಡಿ ಎಷ್ಟು ಮಾಡಿಟ್ಟರೂ ಒಂದೆರಡು ತಲೆಮಾರಿಗೆ ಕರಗಿ ಹೋಗುವುದನ್ನು ಸಮಾಜ ಕಣ್ಣಾರೆ ಕಂಡಿದೆ. ಕಲಿತ ವಿದ್ಯೆ ಮತ್ತು ದುಡಿಯುವ ಗಟ್ಟಿ ಶರೀರ ಮಾತ್ರ ಮನುಷ್ಯನ ಸಂಗಡ ಕೊನೆಯತನಕ ಇರುತ್ತವೆ. ಈ ಸತ್ಯವನ್ನು ಭಾಷಣದಲ್ಲಿ ಹೇಳದೆ ನಾಲ್ಕು ದಶಕ ಮಾಡಿ ತೋರಿಸಿದವರು ಕರ್ಮವೀರ ಭಾವುರಾವ ಪಾಟೀಲ. ಸ್ವತಃ ಮೆಟ್ರಿಕ್ ಪರೀಕ್ಷೆ ದಾಟದ ಈ ಜೈನ ಗೃಹಸ್ಥರು ಲಕ್ಷಾಂತರ ಬಡ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದರು. ಮಹಾರಾಷ್ಟ್ರದಲ್ಲಿ ಮನೆಮಾತಾಗಿರುವ ಅವರ ಜೀವನ ಕನ್ನಡ ನಾಡಿನ ನಮ್ಮ ಸಮಾಜದ ಹೊಸ ತಲೆಮಾರಿಗೆ ಅಷ್ಟಾಗಿ ತಿಳಿದಿಲ್ಲ.

ಜನನ ಮತ್ತು ಬಾಲ್ಯ

ಭಾವುರಾವ ಅವರು ಹುಟ್ಟಿದ್ದು 1887ರ ಸೆಪ್ಟೆಂಬರ್ 22ರಂದು, ಕೊಲ್ಹಾಪುರ ಸಂಸ್ಥಾನದ ಕುಂಭೋಜ ಗ್ರಾಮದಲ್ಲಿ. ಬಾಹುಬಲಿ ಬೆಟ್ಟದ ಮಗ್ಗುಲಿನ ಈ ಊರು ದಕ್ಷಿಣ ಭಾರತದ ಜೈನರಿಗೆ ಪರಿಚಿತವಾದದ್ದೇ. ತಂದೆ ಪಾಯಗೊಂಡ ಪಾಟೀಲ, ತಾಯಿ ಗಂಗಾಬಾಯಿ. ಅವರ ಪೂರ್ವಜರು ನಮ್ಮ ಮೂಡುಬಿದಿರೆ ಕಡೆಯಿಂದ ಅತ್ತ ಹೋಗಿ ನೆಲೆಸಿದವರು. ಆ ಕಾಲಕ್ಕೆ ಧಾರವಾಡ, ಬೆಳಗಾವಿ, ಸಾತಾರಾ ಜಿಲ್ಲೆಗಳೆಲ್ಲ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಗಡಿಯ ಈಚೆ-ಆಚೆ ಬೀಗತನ, ವ್ಯಾಪಾರ, ಯಾತ್ರೆ ಎಲ್ಲವೂ ನಡೆದೇ ಇತ್ತು.

ತಂದೆ ಸರಕಾರಿ ಕಾರಕೂನರು. ವರ್ಗವಾದಲ್ಲೆಲ್ಲ ಮನೆಮಂದಿ ಹೋಗಬೇಕಾಗುತ್ತಿತ್ತು. ಹೀಗಾಗಿ ಬಾಲಕ ಭಾವು ಹಲವು ಊರುಗಳ ಶಾಲೆ ಕಂಡ. ಎಲ್ಲ ಊರಲ್ಲೂ ಒಂದು ದೃಶ್ಯ ಮಾತ್ರ ಬದಲಾಗಲಿಲ್ಲ. ಅಸ್ಪೃಶ್ಯರೆಂದು ಕರೆಸಿಕೊಂಡ ಮಕ್ಕಳು ತರಗತಿಯ ಹೊರಗೆ ಕೂತು ಪಾಠ ಕೇಳಬೇಕಿತ್ತು. ಬಾವಿಯ ನೀರು ಬೇಕಾದರೆ ಯಾರಾದರೂ ಸೇದಿ ಹಾಕುವವರೆಗೆ ಕಾಯಬೇಕಿತ್ತು. ಇದನ್ನು ನೋಡಿ ತಾಳಲಾರದೆ ಹುಡುಗ ಭಾವು ಒಮ್ಮೆ ಬಾವಿಯ ರಾಟೆಯನ್ನೇ ಮುರಿದು ಹಾಕಿದ ಸಂಗತಿ ಅವರ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಕೊಲ್ಹಾಪುರದ ದಿನಗಳು

ಮುಂದಿನ ಓದಿಗೆ ಕೊಲ್ಹಾಪುರದ ರಾಜಾರಾಮ ಹೈಸ್ಕೂಲು ಸೇರಿದರು. ವಾಸ ಜೈನ ಬೋರ್ಡಿಂಗಿನಲ್ಲಿ. ಓದಿಗಿಂತ ಗರಡಿಮನೆ, ಕುಸ್ತಿ, ಈಜು ಅವರಿಗೆ ಹೆಚ್ಚು ಪ್ರಿಯ. ಎತ್ತರದ ಆಳು, ಗಟ್ಟಿ ಮೈಕಟ್ಟು. ತರುಣ ವಯಸ್ಸಿನಲ್ಲಿ ಗಳಿಸಿದ ಈ ದೇಹಬಲವೇ ಮುಂದೆ ಹಳ್ಳಿಹಳ್ಳಿ ತಿರುಗಲು ಅವರಿಗೆ ಬಂಡವಾಳವಾಯಿತು.

ಆಗ ಬೋರ್ಡಿಂಗಿನ ಮೇಲ್ವಿಚಾರಕರಾಗಿದ್ದವರು ಅಣ್ಣಾಸಾಹೇಬ ಲಠ್ಠೆ. ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಹಿರಿಯರು. ಮುಂದೆ ಮುಂಬಯಿ ಪ್ರಾಂತದ ಅರ್ಥಮಂತ್ರಿಯಾದವರು. ಅವರದು ಕಟ್ಟುನಿಟ್ಟಿನ ಶಿಸ್ತು. ಇತ್ತ ಶಾಹು ಮಹಾರಾಜರು ಕೊಲ್ಹಾಪುರದಲ್ಲಿ ಎಲ್ಲ ಜಾತಿಯ ಮಕ್ಕಳಿಗೆ ವಸತಿಗೃಹ ತೆರೆಯುತ್ತಿದ್ದರು. ಅಸ್ಪೃಶ್ಯ ವಿದ್ಯಾರ್ಥಿಗಳ ಮಿಸ್ ಕ್ಲಾರ್ಕ್ ವಸತಿಗೃಹದ ಪ್ರಾರಂಭದ ಸಮಾರಂಭಕ್ಕೆ ಭಾವುರಾವ ಹೋಗಿ ಬಂದರು. ಬಂದ ಮೇಲೆ ಸ್ನಾನ ಮಾಡಿಯೇ ಒಳಗೆ ಬರಬೇಕೆಂಬ ನಿಯಮವನ್ನು ಅವರು ಒಪ್ಪಲಿಲ್ಲ. ಫಲವಾಗಿ ಬೋರ್ಡಿಂಗ್ ಬಿಡಬೇಕಾಯಿತು. ಶಾಹು ಮಹಾರಾಜರು ಅವರಿಗೆ ಆಶ್ರಯ ಕೊಟ್ಟರು. ಶಾಲೆಯ ಓದು ಮಾತ್ರ ಅರ್ಧಕ್ಕೇ ನಿಂತಿತು.

ಅದೇ ಹೊತ್ತಿಗೆ ಅವರು ಒಂದು ಕೆಲಸ ಮಾಡಿದರು. ತರಗತಿಯ ಹೊರಗೆ ಕೂಡುತ್ತಿದ್ದ ಬುದ್ಧಿವಂತ ಹುಡುಗನೊಬ್ಬನನ್ನು ಮನೆಗೆ ಕರೆತಂದು ತಮ್ಮ ಜತೆಗೇ ಉಣ್ಣಿಸಿ, ಕೊಲ್ಹಾಪುರದ ವಸತಿಗೃಹಕ್ಕೆ ಸೇರಿಸಿದರು. ಆ ಹುಡುಗ ಜ್ಞಾನದೇವ ಘೋಲಪ ಮುಂದೆ ಮುಂಬಯಿ ಶಾಸನಸಭೆಯ ಸದಸ್ಯನಾದ. ಒಬ್ಬ ಹುಡುಗನಿಗೆ ಅನ್ನ ಮತ್ತು ಅಕ್ಷರ ಸಿಕ್ಕರೆ ಏನಾಗಬಹುದೆಂಬುದಕ್ಕೆ ಭಾವುರಾವ ಅವರಿಗೆ ಇದು ಮೊದಲ ಪುರಾವೆ.

ಸತ್ಯದ ಪರೀಕ್ಷೆ

ಅವರ ಜೀವನದ ಅತ್ಯಂತ ಕಠಿಣ ಕಾಲ ಬಂದದ್ದು 1914ರಲ್ಲಿ. ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಸ್ಥಾನದಲ್ಲಿ ದೊಡ್ಡ ಗದ್ದಲವಾಯಿತು. ಆಗ ಲಠ್ಠೆಯವರಿಗೂ ದರಬಾರಿಗೂ ಸರಿಯಿರಲಿಲ್ಲ. ಆರೋಪ ಲಠ್ಠೆಯವರ ಮೇಲೆ ಹೊರಿಸುವ ಪ್ರಯತ್ನ ನಡೆಯಿತು. ಅದಕ್ಕೆ ಸಾಕ್ಷಿ ಬೇಕಿತ್ತು. ಪೊಲೀಸರ ಕಣ್ಣು ಭಾವುರಾವ ಅವರ ಮೇಲೆ ಬಿತ್ತು. ಬೋರ್ಡಿಂಗಿನಿಂದ ಹೊರಹಾಕಿಸಿಕೊಂಡ ಹುಡುಗ, ಲಠ್ಠೆಯವರ ಮೇಲೆ ಸಿಟ್ಟಿದ್ದೇ ಇರುತ್ತದೆ, ಕೇಳಿದಂತೆ ಸಾಕ್ಷಿ ಹೇಳುತ್ತಾನೆ ಎಂಬುದು ಅವರ ಎಣಿಕೆ.

ಭಾವುರಾವ ಒಪ್ಪಲಿಲ್ಲ. ಆಮಿಷಕ್ಕೂ ಬಗ್ಗಲಿಲ್ಲ, ಹೊಡೆತಕ್ಕೂ ಬಗ್ಗಲಿಲ್ಲ. ಸೆರೆಯಲ್ಲಿ ಕೊಟ್ಟ ಹಿಂಸೆ ಎಷ್ಟಿತ್ತೆಂದರೆ ಜೀವವೇ ಬೇಡವೆನ್ನುವ ಸ್ಥಿತಿಗೆ ಅವರು ತಲುಪಿದ್ದರು. ಆದರೂ ಸುಳ್ಳು ಸಾಕ್ಷಿ ಅವರ ಬಾಯಿಂದ ಬರಲಿಲ್ಲ. ಕೊನೆಗೆ ಬಿಡುಗಡೆಯಾಯಿತು.

ಸತ್ಯಾಣುವ್ರತವನ್ನು ಬಸದಿಯಲ್ಲಿ ಕೇಳುವುದು ಸುಲಭ. ತನ್ನನ್ನು ಹೊರಹಾಕಿದವನನ್ನು ಉಳಿಸಲಿಕ್ಕೆ ತನ್ನ ಮೈಮೇಲೆ ಪೆಟ್ಟು ತಿಂದು ಪಾಲಿಸುವುದು ಬೇರೆ ಮಾತು. ತನ್ನ ಮಾತಿಗೆ, ತನ್ನ ನಡತೆಗೆ ತಾನೇ ಹೊಣೆ ಎಂಬ ಪಾಠವನ್ನು ಅವರು ಮುಂದೆ ಸಾವಿರಾರು ಮಕ್ಕಳಿಗೆ ಕಲಿಸಿದರು. ಆ ಪಾಠದ ಬೆಲೆಯನ್ನು ಅವರು ಮೊದಲೇ ಕೊಟ್ಟಿದ್ದರು.

ನೇಗಿಲು ಮಾರುತ್ತ ಕಂಡ ಹಳ್ಳಿಗಳು

ಹೊಟ್ಟೆಪಾಡಿಗಾಗಿ ಅವರು ಸಾತಾರಾದಲ್ಲಿ ಮನೆಪಾಠ ಹೇಳಿದರು. ಓಗಲೆ ಗಾಜಿನ ಕಾರಖಾನೆಗಾಗಿ ಊರೂರು ತಿರುಗಿದರು. ಅನಂತರ ಕಿರ್ಲೋಸ್ಕರ್ ಕಾರಖಾನೆಯ ಕಬ್ಬಿಣದ ನೇಗಿಲಿನ ಮಾರಾಟಕ್ಕೆ ನಿಂತರು. ಈ ಕಾರಖಾನೆ ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಕಟ್ಟಿಗೆಯ ನೇಗಿಲಿಗೆ ಒಗ್ಗಿದ್ದ ರೈತರು ಕಬ್ಬಿಣದ ನೇಗಿಲನ್ನು ಸುಲಭವಾಗಿ ನಂಬುತ್ತಿರಲಿಲ್ಲ. ಮಾರುವವನು ಹೊಲಕ್ಕಿಳಿದು, ಮಣ್ಣು ಮಗುಚಿ ತೋರಿಸಿ, ರೈತನಿಗೆ ಮನದಟ್ಟು ಮಾಡಬೇಕಿತ್ತು.

ವ್ಯಾಪಾರಕ್ಕೆಂದು ತಿರುಗಿದ ಈ ವರ್ಷಗಳಲ್ಲಿ ಅವರಿಗೆ ಹಳ್ಳಿಯ ನಿಜವಾದ ಲೆಕ್ಕ ತಿಳಿಯಿತು. ಓದು ಬಾರದ ರೈತ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾನೆ. ಅದರಲ್ಲಿ ಏನು ಬರೆದಿದೆ ಎಂಬುದು ಅವನಿಗೆ ತಿಳಿಯದು. ಒಳ್ಳೆಯ ನೇಗಿಲು ಕೊಟ್ಟರೆ ಬೆಳೆ ಹೆಚ್ಚಾದೀತು, ಆದರೆ ಬೆಳೆದದ್ದು ಅವನ ಕೈಯಲ್ಲಿ ಉಳಿಯಬೇಕಾದರೆ ಅವನ ಮಕ್ಕಳಿಗೆ ಅಕ್ಷರ ಬೇಕು. ಈ ತಿಳಿವಳಿಕೆಯಿಂದಲೇ ಮುಂದಿನ ಸಂಸ್ಥೆ ಹುಟ್ಟಿತು.

ರಯತ ಶಿಕ್ಷಣ ಸಂಸ್ಥೆ

1919ರ ಅಕ್ಟೋಬರ್ 4, ವಿಜಯದಶಮಿಯ ದಿನ, ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಪ್ರಾರಂಭವಾಯಿತು. 1924ರಲ್ಲಿ ಕೇಂದ್ರವನ್ನು ಸಾತಾರಾಕ್ಕೆ ತಂದರು. ಆಲದ ಮರವನ್ನು ಸಂಸ್ಥೆಯ ಲಾಂಛನವಾಗಿ ಆರಿಸಿಕೊಂಡರು. ಕೊಂಬೆಯಿಂದ ಇಳಿದ ಬಿಳಲು ನೆಲ ಮುಟ್ಟಿ ತಾನೇ ಕಾಂಡವಾಗುವಂತೆ, ಕಲಿತ ಪ್ರತಿಯೊಬ್ಬನೂ ಇನ್ನಷ್ಟು ಜನರಿಗೆ ಆಸರೆಯಾಗಬೇಕೆಂಬುದು ಅದರ ಅರ್ಥ.

ಸಾತಾರಾದ ವಸತಿಗೃಹದಲ್ಲಿ ಜೈನ, ಮರಾಠಾ, ಮುಸ್ಲಿಂ, ಮಹಾರ, ಮಾಂಗ ಎನ್ನದೆ ಎಲ್ಲ ಮಕ್ಕಳು ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದರು. ಅಡಿಗೆ ಮಾಡುವವರೂ ಅವರೇ. 1927ರ ಫೆಬ್ರವರಿಯಲ್ಲಿ ಮಹಾತ್ಮಾ ಗಾಂಧೀಜಿಯವರು ಇಲ್ಲಿಗೆ ಬಂದು ಮೆಚ್ಚಿದರು. ಅವರ ಹಸ್ತದಿಂದಲೇ ಇದಕ್ಕೆ ಶ್ರೀ ಛತ್ರಪತಿ ಶಾಹು ಬೋರ್ಡಿಂಗ್ ಹೌಸ್ ಎಂಬ ನಾಮಕರಣವಾಯಿತು. ಮುಂದೆ ಗಾಂಧೀಜಿಯವರ ಹರಿಜನ ನಿಧಿಯಿಂದ ವರ್ಷಕ್ಕೆ 500 ರೂಪಾಯಿಯ ನೆರವೂ ದೊರೆಯಿತು.

ಲಕ್ಷ್ಮೀಬಾಯಿಯವರ ತ್ಯಾಗ

ಭಾವುರಾವ ಅವರ ಧರ್ಮಪತ್ನಿ ಲಕ್ಷ್ಮೀಬಾಯಿ ಸಂಪ್ರದಾಯಸ್ಥ ಜೈನ ಮನೆತನದಲ್ಲಿ ಬೆಳೆದವರು. ಎಲ್ಲ ಜಾತಿಯ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡು ಸಾಕುವುದು ಅವರಿಗೆ ಮೊದಮೊದಲು ಕಷ್ಟವೇ ಆಯಿತು. ಕ್ರಮೇಣ ಅವರೇ ಆ ಮಕ್ಕಳಿಗೆ ತಾಯಿಯಾದರು. ವಸತಿಗೃಹದ ಖರ್ಚಿಗೆ ಮೈಮೇಲಿನ ಬಂಗಾರ ಒಂದೊಂದಾಗಿ ಹೋಯಿತು. ಒಂದು ದಿನ ಮಕ್ಕಳಿಗೆ ಕಾಳು ಇಲ್ಲದಾಗ ಕೊರಳಿನ ಮಂಗಳಸೂತ್ರವನ್ನೂ ಬಿಚ್ಚಿ ಕೊಟ್ಟರು. 1930ರಲ್ಲಿ ಅವರು ತೀರಿಕೊಂಡರು. ಆಹಾರದಾನ ಮತ್ತು ಶಾಸ್ತ್ರದಾನ ಎರಡನ್ನೂ ಒಂದೇ ಕೈಯಿಂದ ಮಾಡಿದ ಶ್ರಾವಿಕೆ ಲಕ್ಷ್ಮೀಬಾಯಿ. ರಯತ ಸಂಸ್ಥೆಯ ಅಡಿಪಾಯದ ಕಲ್ಲುಗಳಲ್ಲಿ ಅವರ ಹೆಸರೂ ಇದೆ.

ದುಡಿಮೆಯೇ ಫೀ

ಭಾವುರಾವ ಅವರ ಪದ್ಧತಿಯ ತಿರುಳು ಸ್ವಾವಲಂಬನೆ. ಬಡವನ ಮಗನಿಗೆ ಫೀ ಕೊಡಲು ಹಣವಿಲ್ಲ, ಆದರೆ ಎರಡು ಕೈಗಳಿವೆ. ಆ ಕೈಗಳ ದುಡಿಮೆಯೇ ಅವನ ಫೀ ಆಗಲಿ ಎಂದರು. ವಿದ್ಯಾರ್ಥಿಗಳು ಬೆಳಗ್ಗೆ-ಸಂಜೆ ಹೊಲ ಮಾಡುತ್ತಿದ್ದರು, ಕಾಯಿಪಲ್ಯ ಬೆಳೆಯುತ್ತಿದ್ದರು, ಕಲ್ಲು ಹೊತ್ತು ತಮ್ಮ ಕಟ್ಟಡಕ್ಕೆ ತಾವೇ ಗೋಡೆ ಎಬ್ಬಿಸುತ್ತಿದ್ದರು. ಕಸ ಗುಡಿಸುವುದರಿಂದ ಹಿಡಿದು ನೀರು ತರುವತನಕ ಎಲ್ಲ ಕೆಲಸಕ್ಕೂ ಪಾಳಿ ಇತ್ತು. ಯಾವ ಜಾತಿಯವನಿಗೂ ಅದರಿಂದ ವಿನಾಯಿತಿ ಇರಲಿಲ್ಲ.

ಇದರಿಂದ ಮೂರು ಲಾಭವಾದವು. ಮೊದಲನೆಯದು, ಹುಡುಗ ಯಾರ ಮುಂದೆಯೂ ಕೈಯೊಡ್ಡದೆ ಕಲಿತ. ತನ್ನ ವಿದ್ಯೆ ತಾನು ಗಳಿಸಿದ್ದು ಎಂಬ ಅಭಿಮಾನ ಅವನಲ್ಲಿ ಉಳಿಯಿತು. ಎರಡನೆಯದು, ತನ್ನ ಪಾಳಿಯ ಕೆಲಸ ತಪ್ಪಿಸಿದರೆ ಗೆಳೆಯರಿಗೆ ಅಂದು ಊಟ ತಡವಾಗುತ್ತದೆ ಎಂದು ತಿಳಿದಾಗ ಜವಾಬ್ದಾರಿ ತಾನಾಗಿಯೇ ಬಂತು. ಮೂರನೆಯದು ಆರೋಗ್ಯ. ಬಿಸಿಲಲ್ಲಿ ಬೆವರು ಸುರಿಸಿ, ಸಾದಾ ರೊಟ್ಟಿ-ಪಲ್ಯ ಉಂಡು ಬೆಳೆದ ಹುಡುಗರ ಮೈ ಗಟ್ಟಿಯಾಯಿತು. ಗರಡಿಯಲ್ಲಿ ಬೆಳೆದ ಭಾವುರಾವ ಅವರಿಗೆ ಶರೀರ ಕೆಟ್ಟರೆ ಓದೂ ಕೆಡುತ್ತದೆ ಎಂಬುದು ಗೊತ್ತಿತ್ತು.

ವೃಕ್ಷ ಬೆಳೆಯಿತು

ಶಾಲೆಗಳಿಗೆ ಒಳ್ಳೆಯ ಶಿಕ್ಷಕರು ಬೇಕೆಂದು 1935ರಲ್ಲಿ ಸಾತಾರಾದಲ್ಲಿ ಗ್ರಾಮೀಣ ಶಿಕ್ಷಕರ ತರಬೇತಿ ಕಾಲೇಜು ತೆರೆದರು. ಶಾಲೆಯಿಲ್ಲದ ಗುಡ್ಡಗಾಡಿನ ಹಳ್ಳಿಗಳಲ್ಲಿ ನೂರಾರು ಸ್ವಯಂಪ್ರೇರಿತ ಶಾಲೆಗಳನ್ನು ನಡೆಸಿದರು. 1940ರಲ್ಲಿ ಮಹಾರಾಜಾ ಸಯಾಜಿರಾವ ಹೈಸ್ಕೂಲು ಆಯಿತು; ಅಲ್ಲಿ ದುಡಿದು ಕಲಿಯುವುದೇ ಕ್ರಮ. 1947ರಲ್ಲಿ ಸಾತಾರಾದಲ್ಲಿ ಛತ್ರಪತಿ ಶಿವಾಜಿ ಕಾಲೇಜು, 1954ರಲ್ಲಿ ಕರಾಡದಲ್ಲಿ ಸದ್ಗುರು ಗಾಡಗೆ ಮಹಾರಾಜ ಕಾಲೇಜು ಹುಟ್ಟಿದವು. ಗಾಂಧೀಜಿಯವರ ಹತ್ಯೆಯಾದಾಗ ಅವರ ಹೆಸರಿನಲ್ಲಿ 101 ಹೈಸ್ಕೂಲು ತೆರೆಯುವ ಸಂಕಲ್ಪ ಮಾಡಿದರು.

ದಾರಿ ಸಲೀಸಾಗಿರಲಿಲ್ಲ. ಅವರ ಖಡಾಖಂಡಿತ ಮಾತಿನ ಕಾರಣ ಸ್ವಾತಂತ್ರ್ಯಾನಂತರ ಸರಕಾರದ ಅನುದಾನವೇ ಕೆಲಕಾಲ ನಿಂತಿತು. ಸಂಸ್ಥೆ ಮುಳುಗುವ ಹೊತ್ತಿನಲ್ಲಿ ಸಂತ ಗಾಡಗೆ ಮಹಾರಾಜರು ಮಧ್ಯೆ ಬಂದು ಅದನ್ನು ಮತ್ತೆ ಕೊಡಿಸಿದರು. ಆ ಕಷ್ಟದಲ್ಲೂ ಶಾಲೆಗಳು ಮುಚ್ಚಲಿಲ್ಲ.

1959ರಲ್ಲಿ ಭಾರತ ಸರಕಾರ ಪದ್ಮಭೂಷಣ ನೀಡಿತು. ಅದೇ ವರ್ಷ ಪುಣೆ ವಿಶ್ವವಿದ್ಯಾಲಯ ಡಿ.ಲಿಟ್. ಪದವಿ ಕೊಟ್ಟು ಗೌರವಿಸಿತು. ಮೆಟ್ರಿಕ್ ದಾಟದ ವ್ಯಕ್ತಿಗೆ ವಿಶ್ವವಿದ್ಯಾಲಯ ತಲೆಬಾಗಿದ ಕ್ಷಣವದು. ಕೆಲವೇ ವಾರಗಳಲ್ಲಿ, ಮೇ 9ರಂದು, ಪುಣೆಯಲ್ಲಿ ಅವರು ದೇಹ ಬಿಟ್ಟರು. ಇಂದು ರಯತ ಶಿಕ್ಷಣ ಸಂಸ್ಥೆಗೆ ಏಳುನೂರಕ್ಕೂ ಹೆಚ್ಚು ಶಾಖೆಗಳಿವೆ. ಗಡಿ ದಾಟಿ ಕರ್ನಾಟಕದಲ್ಲೂ ಅದರ ಬಿಳಲು ಇಳಿದಿದೆ.

ನಮ್ಮ ಊರಿಗೆ ಅವರ ಪಾಠ

ಹುಬ್ಬಳ್ಳಿಯ ಗೋಪನಕೊಪ್ಪ ಹಿಂದೆ ಹೊಲಗಳ ನಡುವಿನ ಹಳ್ಳಿ. ಇಂದು ಅದು ಮಹಾನಗರದ ಒಂದು ಭಾಗ. ಹೊಲವಿದ್ದಲ್ಲಿ ಮನೆಗಳೆದ್ದಿವೆ. ಇಂಥ ಊರುಗಳಲ್ಲಿ ಹೊಲ ಮಾರಿ ಬಂದ ದುಡ್ಡು ಎಷ್ಟು ದಿನ ಉಳಿದೀತು ಎಂಬ ಪ್ರಶ್ನೆ ಪ್ರತಿ ಮನೆಯದೂ ಆಗಿದೆ. ಶಾಲೆಗಳಿಗೆ ಈಗ ಕೊರತೆಯಿಲ್ಲ. ಫೀ ಕಟ್ಟಲು ಪಾಲಕರು ಸಾಲವನ್ನೂ ಮಾಡುತ್ತಾರೆ. ಆದರೆ ತನ್ನ ಊಟದ ತಟ್ಟೆ ತಾನು ತೊಳೆಯದ, ಬಿಸಿಲಿಗೆ ಮೈಯೊಡ್ಡದ, ತಪ್ಪಾದರೆ ಬೇರೆಯವರ ಮೇಲೆ ಹಾಕುವ ಮಗನಿಗೆ ಎಷ್ಟು ಫೀ ಕಟ್ಟಿದರೂ ವಿದ್ಯೆ ಪೂರ್ತಿಯಾಗದು.

ಸಮಾಜದ ವಸತಿಗೃಹಗಳಿಗೆ ದಾನ ಕೊಡುವ ಶ್ರಾವಕರು, ಅವುಗಳನ್ನು ನಡೆಸುವ ಟ್ರಸ್ಟಿಗಳು ಮತ್ತು ಮಕ್ಕಳನ್ನು ಅಲ್ಲಿಗೆ ಕಳಿಸುವ ತಾಯ್ತಂದೆಯರು ಭಾವುರಾವ ಅವರ ಜೀವನವನ್ನು ಒಮ್ಮೆಯಾದರೂ ಓದಬೇಕು. ಮಾಡಿದ ಕರ್ಮದ ಫಲ ಮಾಡಿದವನಿಗೇ ಎನ್ನುತ್ತದೆ ನಮ್ಮ ಧರ್ಮ. ದಿನಕ್ಕೆ ಒಂದು ಗಂಟೆ ಕೈಕೆಲಸ, ಹಿತಮಿತವಾದ ಊಟ, ತನ್ನ ಪಾಲಿನ ಜವಾಬ್ದಾರಿ ಮತ್ತು ಓದು, ಇಷ್ಟನ್ನು ಮಕ್ಕಳಿಗೆ ರೂಢಿ ಮಾಡಿಸಲು ಹಣ ಬೇಕಿಲ್ಲ. ಸೆಪ್ಟೆಂಬರ್ 22ರಂದು ಅವರ ಜಯಂತಿ ಬರುತ್ತದೆ. ಅಂದು ಹಾರ ಹಾಕುವುದರ ಜತೆಗೆ ಓದು ನಿಂತುಹೋದ ಒಬ್ಬ ಹುಡುಗ ಅಥವಾ ಹುಡುಗಿಯನ್ನು ಮತ್ತೆ ಶಾಲೆಗೆ ಸೇರಿಸಿದರೆ ಕರ್ಮವೀರರಿಗೆ ನಿಜವಾದ ಗೌರವ ಸಂದಂತಾಗುತ್ತದೆ.