ಲಂಡನ್ನಿನಲ್ಲಿ ಕಮರಿದ ಕೊಡಗಿನ ಕುಡಿ ಗೌರಮ್ಮ

ಮಡಿಕೇರಿ: ಹಾಲೇರಿ ವಂಶದ ದೊಡ್ಡವೀರರಾಜೇಂದ್ರ ಮತ್ತು ಲಿಂಗರಾಜೇಂದ್ರ ಮಡಿಕೇರಿಯ ಗದ್ದಿಗೆಯಲ್ಲಿ ಚಿರನಿದ್ರೆಯಲ್ಲಿದ್ದಾರೆ. ಅದೇ ವಂಶದ ರಾಜಕುಮಾರಿಯೊಬ್ಬಳ ಸಮಾಧಿ ಇರುವುದು ದೂರದ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ. ಆಕೆಯೇ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ. ಇಪ್ಪತ್ತೆರಡೇ ವರ್ಷ ಬಾಳಿದ ಈಕೆಯ ಬದುಕಿನ ಮುಖ್ಯ ತೀರ್ಮಾನಗಳನ್ನೆಲ್ಲ ಕೈಗೊಂಡವರು ಬೇರೆಯವರು.

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಡಿಕೇರಿಯನ್ನು ವಶಪಡಿಸಿಕೊಂಡಿತು. ಪದಚ್ಯುತನಾದ ಅರಸನನ್ನು ಪರಿವಾರಸಮೇತ ಕಾಶಿಗೆ ಕಳುಹಿಸಲಾಯಿತು. ಗೌರಮ್ಮ ಹುಟ್ಟಿದ್ದು ಅಲ್ಲಿಯೇ, 1841ರಲ್ಲಿ. ಹೆಸರಿಗೆ ಕೊಡಗಿನ ರಾಜಕುಮಾರಿಯಾದರೂ ಆಕೆಯ ಬಾಳು ಸಾಗಿದ್ದು ಕೊಡಗಿನ ಹೊರಗೆ.

ಅರಮನೆಯಲ್ಲಿ ದೀಕ್ಷಾಸ್ನಾನ

ಕಂಪನಿಯ ಬಳಿ ಉಳಿದಿದ್ದ ರಾಜಮನೆತನದ ಹಣವನ್ನು ಮರಳಿ ಪಡೆಯುವ ಹಂಬಲದಿಂದ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ತೆರಳಿದ. ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಬಾಲಕಿಗೆ ಕ್ರೈಸ್ತ ದೀಕ್ಷಾಸ್ನಾನ ನೀಡಿದರು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನಿತ್ತಳು. ಗೌರಮ್ಮ ಅಂದಿನಿಂದ ವಿಕ್ಟೋರಿಯಾ ಗೌರಮ್ಮಳಾದಳು. ಮತಾಂತರಕ್ಕೆ ತಂದೆ ಒಪ್ಪಿದ್ದರ ಹಿಂದೆ ರಾಜಕೃಪೆಯ ನಿರೀಕ್ಷೆಯೂ ಇತ್ತೆಂಬುದು ಚರಿತ್ರಕಾರರ ಅಭಿಪ್ರಾಯ.

ರಾಣಿಯ ಅಕ್ಕರೆ ನಿಜವಾದದ್ದೇ. ಪ್ರಸಿದ್ಧ ಚಿತ್ರಕಾರ ವಿಂಟರ್‌ಹಾಲ್ಟರ್ ಗೌರಮ್ಮನ ಚಿತ್ರ ಬರೆದ. ಶಿಲ್ಪಿ ಮರೊಚೆಟ್ಟಿ ಅಮೃತಶಿಲೆಯಲ್ಲಿ ಆಕೆಯ ಮುಖ ಕಡೆದ. ಆದರೆ ಬಾಲಕಿ ಬೆಳೆದದ್ದು ಆಂಗ್ಲ ಪೋಷಕರ ಮನೆಗಳಲ್ಲಿ. ಹೆತ್ತ ತಂದೆ ಅದೇ ದೇಶದಲ್ಲಿದ್ದರೂ ಮಗಳ ಭೇಟಿಗೆ ನಿರ್ಬಂಧಗಳಿದ್ದವು. 1859ರಲ್ಲಿ ಆತ ಲಂಡನ್ನಿನಲ್ಲೇ ತೀರಿಕೊಂಡ. ಹೂಡಿದ್ದ ದಾವೆಯೂ ಫಲಿಸಲಿಲ್ಲ.

ಕೈಗೂಡದ ಸಂಬಂಧ

ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್ ಕೂಡ ಕ್ರೈಸ್ತನಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ. ಇವರಿಬ್ಬರ ವಿವಾಹವಾಗಲೆಂದು ರಾಣಿ ಬಯಸಿದಳು. ದುಲೀಪ್ ಸಿಂಗ್ ಒಪ್ಪಲಿಲ್ಲ. ಕೊನೆಗೆ 1860ರಲ್ಲಿ ಗೌರಮ್ಮ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನ ಕೈಹಿಡಿದಳು. ಆತ ಆಕೆಯ ಪೋಷಕಿಯಾಗಿದ್ದ ಲೇಡಿ ಲಾಗಿನ್‌ಳ ಸಹೋದರ. ವಯಸ್ಸಿನಲ್ಲಿ ಬಹಳ ಹಿರಿಯ. ಮರುವರ್ಷ ಎಡಿತ್ ಎಂಬ ಮಗಳು ಹುಟ್ಟಿದಳು. ಆದರೆ ದಾಂಪತ್ಯದಲ್ಲಿ ಸುಖ ದೊರೆಯಲಿಲ್ಲ.

ಕ್ಷಯರೋಗಕ್ಕೆ ತುತ್ತಾದ ಗೌರಮ್ಮ 1864ರ ವಸಂತದಲ್ಲಿ ಕೊನೆಯುಸಿರೆಳೆದಳು. ಆಗ ಮಗಳಿಗಿನ್ನೂ ಮೂರು ವರ್ಷ ತುಂಬಿರಲಿಲ್ಲ.

ತಂದೆಯ ಕಥೆಯನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರರ 'ಚಿಕವೀರ ರಾಜೇಂದ್ರ' ಕಾದಂಬರಿ ಕನ್ನಡಿಗರ ಮನೆಮನೆಗೆ ತಲುಪಿಸಿತು. ಮಗಳ ಹೆಸರು ಮಾತ್ರ ಬಹುಕಾಲ ಮರೆಯಲ್ಲೇ ಉಳಿಯಿತು. ಕೊಡಗಿನ ಲೇಖಕ ಸಿ.ಪಿ. ಬೆಳ್ಳಿಯಪ್ಪ ಆಕೆಯ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಬಳಿಕ ಗೌರಮ್ಮನ ಹೆಸರು ಮತ್ತೆ ಕೇಳಿಬರತೊಡಗಿತು. ತಂದೆಗೆ ಆಕೆ ಭರವಸೆಯಾಗಿದ್ದಳು, ರಾಣಿಗೆ ಮಾದರಿ ಶಿಷ್ಯೆಯಾಗಿದ್ದಳು. ಆದರೆ ಆಕೆಗೇನು ಬೇಕಿತ್ತೆಂದು ಕೇಳಿದವರು ವಿರಳ. ರಾಜ್ಯ ಕಳೆದುಕೊಂಡವನು ಅರಸ. ಅದರ ಬೆಲೆ ತೆತ್ತವಳು, ರಾಜ್ಯ ಹೋದ ಏಳು ವರ್ಷಕ್ಕೆ ಹುಟ್ಟಿದ ಮಗಳು.