ಮಿಕ್ಲಿಯ ಬೆಳ್ಳಿ

ಹಳೆಯ ನಾಣ್ಯಗಳನ್ನು ಕೂಡಿಡುವವರನ್ನು ಕಂಡರೆ ನನಗೆ ಬಹುಕಾಲ ತಾತ್ಸಾರವಿತ್ತು. ಹಣವನ್ನು ಬಳಸದೆ ಬಚ್ಚಿಡುವುದು ಲೋಭಿಯ ಲಕ್ಷಣವಲ್ಲದೆ ಮತ್ತೇನು ಎಂದು ಭಾವಿಸಿದ್ದೆ. ಆ ಭಾವನೆಯನ್ನು ತಿದ್ದಿದುದು ಅಮೆರಿಕದ ಜೋಸೆಫ್ ಮಿಕ್ಲಿಯ ಬಾಳಿನ ಕಥೆ.

ಮಿಕ್ಲಿ ಹುಟ್ಟಿದುದು 1799ರಲ್ಲಿ, ಪೆನ್ಸಿಲ್ವೇನಿಯದಲ್ಲಿ. ವೃತ್ತಿಯಿಂದ ಆತ ಪಿಯಾನೊ ತಯಾರಕ; ಕೆಟ್ಟ ಪಿಟೀಲುಗಳಿಗೆ ಮತ್ತೆ ದನಿ ಬರಿಸುವುದರಲ್ಲಿಯೂ ನಿಪುಣ. ಹದಿಹರೆಯದಲ್ಲಿ ತಾನು ಹುಟ್ಟಿದ ವರ್ಷದ ಸೆಂಟ್ ಎಂಬ ತಾಮ್ರದ ಕಾಸೊಂದು ಬೇಕೆಂದು ಹುಡುಕತೊಡಗಿದ. ಆ ವರ್ಷದ ಸೆಂಟೇ ಬಲು ವಿರಳವೆಂಬುದು ಆತನಿಗೇನು ಗೊತ್ತು! ಒಂದು ಕಾಸನ್ನು ಅರಸಿ ಹೊರಟವನು ತನ್ನ ನಾಡಿನ ನಾಣ್ಯಗಳ ಚರಿತ್ರೆಯನ್ನೇ ಅರಸುವವನಾದ.

ಆತ ನೆಲೆಸಿದ ಫಿಲಡೆಲ್ಫಿಯದಲ್ಲಿಯೇ ದೇಶದ ಟಂಕಸಾಲೆ ಇತ್ತು. ಅಮೆರಿಕದ ಮೊದಲ ಬೆಳ್ಳಿ ಡಾಲರುಗಳು 1794ರಲ್ಲಿ ಅಲ್ಲಿ ಅಚ್ಚಾದುವು. ಆ ವರ್ಷ ಹೊರಬಂದುವು 1,758 ಮಾತ್ರ. ಇಂಥವನ್ನು ಉಳಿಸಬೇಕೆಂಬ ಆಸಕ್ತಿ ಆಗ ಎಲ್ಲೋ ಕೆಲವರಿಗೆ ಉಂಟು. 1827ರಲ್ಲಿ ಮಿಕ್ಲಿ ಟಂಕಸಾಲೆಗೆ ಹೋಗಿ, ಒಂದು ಡಾಲರು ಕೊಟ್ಟು, ಆ ವರ್ಷದ ನಾಲ್ಕು ಹೊಸ ಕಾಲು ಡಾಲರುಗಳನ್ನು ತಂದನೆಂದು ಪ್ರತೀತಿ. ಇಂದು ಅವು ಸಂಗ್ರಾಹಕರ ಕನಸಿನ ನಾಣ್ಯಗಳು.

ಆತನ ಸಂಗ್ರಹಕ್ಕೆ ಕಳಶಪ್ರಾಯವಾದುದು 1804ರ ಡಾಲರು. ಅದರ ಕಥೆ ವಿಚಿತ್ರ. 1804ರಲ್ಲಿ ಅಚ್ಚಾದ ಡಾಲರುಗಳು ಹಿಂದಿನ ವರ್ಷಗಳ ಅಂಕಿಯನ್ನೇ ಹೊತ್ತಿದ್ದುವು. ಆತನಲ್ಲಿದ್ದಂಥ ನಾಣ್ಯಗಳು 1834ರ ಸುಮಾರಿಗೆ, ಸಯಾಮ್, ಮಸ್ಕತ್ತುಗಳ ದೊರೆಗಳಿಗೆ ಕಾಣಿಕೆ ಕಳುಹಿಸುವ ಸಂದರ್ಭದಲ್ಲಿ ಸಿದ್ಧವಾದುವು. ಈ ಸಂಗತಿ ಸಂಶೋಧಕರಿಂದ 1962ರಲ್ಲಿ ಸ್ಪಷ್ಟವಾಯಿತು. ಮಿಕ್ಲಿಯ ಕಾಲದವರಿಗೆ ಅದೊಂದು ಒಗಟು.

ನಗರದ ನಾಣ್ಯಪ್ರಿಯರಿಗೆಲ್ಲ ಆತನ ಮನೆಯೇ ಕೂಟದ ತಾಣ. ಕೂಡಿಟ್ಟುದನ್ನು ಬಂದವರ ಮುಂದೆ ಹರಡಿ ತೋರಿಸುವುದರಲ್ಲಿ ಆತನಿಗೆ ಸಂತೋಷ. 1867ರ ಏಪ್ರಿಲ್‌ನಲ್ಲಿ ಆ ಮನೆಗೆ ಕಳ್ಳರು ನುಗ್ಗಿದರು. ವಿದೇಶಗಳ ನಾಣ್ಯಗಳ ದೊಡ್ಡ ಭಾಗ ಹೊರಟುಹೋಯಿತು. ಐವತ್ತು ವರ್ಷಗಳ ಶ್ರಮ! ಮಿಕ್ಲಿಯ ಮನಸ್ಸು ಮುರಿಯಿತು. ಉಳಿದಿದ್ದ ಅಮೆರಿಕದ ನಾಣ್ಯಗಳನ್ನು ಅದೇ ವರ್ಷ ಮಾರಿಬಿಟ್ಟ. ಹರಾಜಿನಲ್ಲಿ 1804ರ ಡಾಲರಿಗೆ ಬಂದುದು 750 ಡಾಲರು. ಅದೇ ನಾಣ್ಯ 2008ರಲ್ಲಿ 37 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು.

ಇಷ್ಟಾದರೂ ಆತ ಮೂಲೆಗುಂಪಾಗಲಿಲ್ಲ. 1869ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ದೂರದೇಶಗಳನ್ನು ಕಾಣಲು ಯೂರೋಪಿಗೆ ಹಡಗು ಹತ್ತಿದ. 1878ರಲ್ಲಿ ತೀರಿಕೊಂಡ.

ಲೋಭಿಯಾದವನು ತನ್ನ ಹಣವನ್ನು ಯಾರ ಕಣ್ಣಿಗೂ ಬೀಳಗೊಡನು. ಮಿಕ್ಲಿಯಾದರೋ ನಾಲ್ವರಿಗೆ ತೋರಿಸಿ ನಲಿದ. ಕಳೆದುಕೊಂಡ ಮೇಲೂ ಲೋಕದ ಮೇಲಣ ಕುತೂಹಲವನ್ನು ಬಿಡಲಿಲ್ಲ. ಈಗ ಅಂಗಡಿಯಲ್ಲಿ ಚಿಲ್ಲರೆ ಕೈಗೆ ಬಂದಾಗ ನಾನು ಎಣಿಸುವ ಮೊದಲು ಅದರ ಮೇಲಿನ ವರ್ಷವನ್ನು ನೋಡುತ್ತೇನೆ.